ಹಡಗಿಗೆ ಹೂ ಕೇಳಿದ್ದು

ನಟರಾಜು ಹಡಗಿನ ಮಾತೆತ್ತಿದ್ದು ತಪ್ಪಲ್ಲ. ಮುದ್ದೆ ಬಿಸಿಯಿರುವಾಗ ಎತ್ತಿದ್ದು ತಪ್ಪು. ಬೈರಮಂಗಲದ ಕೆರೆಯಾಚೆಯ ಆ ಮನೆಯಲ್ಲಿ ಉಣ್ಣುವ ಹೊತ್ತಿಗೆ ಯಾರೂ ಹೊಸ ಸುದ್ದಿ ಹೇಳುವಂತಿಲ್ಲ. ಸುದ್ದಿ ಕೇಳಿದರೆ ಅವನ ಅವ್ವ ಪುಟ್ಟಲಕ್ಷ್ಮಮ್ಮನ ಕೈ ನಿಲ್ಲುತ್ತದೆ, ಅವಳ ಕೈ ನಿಂತರೆ ಬಡಿಸುವುದು ನಿಲ್ಲುತ್ತದೆ, ಬಡಿಸುವುದು ನಿಂತರೆ ಅಪ್ಪ ಪುಟ್ಟಲಿಂಗಯ್ಯನಿಗೆ ಸಿಟ್ಟು ಬರುತ್ತದೆ.

"ಅವ್ವ, ಮುಂದಿನ್ ತಿಂಗ್ಳು ನಮ್ ಫ್ಯಾಕ್ಟ್ರಿ ಒಂದ್ ವಾರ ಶಟ್‌ಡೌನು. ಅನುಷಾ ಕಂಪ್ನಿಗೂ ಅದೇ ವಾರ ರಜ. ಹಡಗಲ್ಲಿ ಹೋಗಿ ಬರಾನ ಅಂತಿದ್ದೀವಿ," ಅಂದ.

ಸಾರಿನ ಸೌಟು ಅಲ್ಲೇ ನಿಂತಿತು.

"ಹಡಗಲ್ಲಿ ಎಲ್ಲಿಗ್ಲಾ?" ಅಂದ ಪುಟ್ಟಲಿಂಗಯ್ಯ.

"ಇಂಥಾ ಕಡೆಗೆ ಅಂತೇನಿಲ್ಲಪ್ಪ. ಹಡಗಲ್ಲೇ ಇರೋದು. ಅಲ್ಲೇ ಊಟ, ಅಲ್ಲೇ ನಿದ್ದೆ. ಸಮುದ್ರದ ಮೇಲೆ ನಾಕು ದಿನ ಸುತ್ತಾಡ್ಕಂಡು ಹತ್ತಿದ್ ಕಡೇನೇ ಇಳಿಯೋದು."

"ಹೋಗೋ ಊರೇ ಇಲ್ದೆ ಹೋಗಿ ಬರೋದಾ? ನಮ್ ಕುರಿನೂ ಹಂಗ್ ಹೊರಡಲ್ಲ ಕಣ್ಲಾ. ಅವಕ್ಕೂ ಹುಲ್ಲು ಯಾವ್ ಕಡೆ ಐತೆ ಅನ್ನೋದು ಗೊತ್ತಿರ್ತದೆ. ಏ, ಸಾರು ಬುಡು ಇತ್ಲಾಗೆ."

ಪುಟ್ಟಲಕ್ಷ್ಮಮ್ಮ ಸಾರು ಬಿಡಲಿಲ್ಲ. "ಮಗು?" ಅಂದಳು.

"ಮಗೂನೂ ಕರ್ಕಂಡೇ ಹೋಯ್ತೀವಿ."

ಆ ಮಗು, ಮಾನ್ಯ, ಅಜ್ಜಿಯ ತೊಡೆಯ ಮೇಲೆ ಕೂತು ಬಾಯಿ ತೆರೆದು ಕಾಯುತ್ತಿದ್ದಳು. ನಾಲ್ಕು ತುಂಬಿದೆ, ಸ್ವಂತ ಕೈಯಿಂದ ಉಂಡಿದ್ದನ್ನು ಯಾರೂ ನೋಡಿಲ್ಲ. ಅನುಷಾ ಬಿಡದಿಯ ಕಂಪನಿಯೊಂದರಲ್ಲಿ ಬಿಡಿಭಾಗ ತಪಾಸಣೆ ಮಾಡುವವಳು. ಕಂಪನಿ ಬಸ್ಸು ಕೋಳಿ ಕೂಗುವ ಹೊತ್ತಿಗೇ ಹಳ್ಳಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಮಗು ಇನ್ನೂ ಮಗ್ಗುಲಾಗುವುದು ಕಲಿಯುತ್ತಿದ್ದಾಗಲೇ ಅವಳು ಕೆಲಸಕ್ಕೆ ಮರಳಿದಳು. ಅಲ್ಲಿಂದ ಇಲ್ಲಿಯವರೆಗೆ ಮಾನ್ಯಳಿಗೆ ತುತ್ತು ಅಜ್ಜಿಯದು, ಸ್ನಾನ ಅಜ್ಜಿಯದು, ಮಲಗುವ ಮಗ್ಗುಲೂ ಅಜ್ಜಿಯದು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಅದೇ ಕಷ್ಟ. ತಪ್ಪಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅನುಷಾಗೆ ಬೇಕಾಗಿದ್ದು ಇಷ್ಟೇ: ನಾಲ್ಕು ದಿನವಾದರೂ ತನ್ನ ಮಗಳು ತನ್ನ ಪಕ್ಕದಲ್ಲಿ ಮಲಗಬೇಕು. ಇದನ್ನು ಅವಳು ಗಂಡನಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

"ಸಮುದ್ರಕ್ಕೆ ಬಿದ್ರೆ?" ಅಂದಳು ಪುಟ್ಟಲಕ್ಷ್ಮಮ್ಮ.

"ಕಟಕಟೆ ಇರ್ತದೆ ಅತ್ತೆ," ಅಂದಳು ಅನುಷಾ.

"ನಮ್ ಕೊಟ್ಟಿಗೇಗೂ ಬೇಲಿ ಐತೆ. ಕುರಿ ಹಾರಲ್ವಾ?"

ಆ ದಿನದ ಮಾತು ಅಲ್ಲಿಗೆ ಮುಗಿಯಿತು, ಸಾರು ಮಾತ್ರ ಆರಿತು.

ಭಾನುವಾರ ಗಂಡ ಹೆಂಡತಿ ರಾಮನಗರಕ್ಕೆ ಹೋಗಿ ಮುನಾವರ್ ಅಂಗಡಿಯಲ್ಲಿ ಕೂತರು. ಮುನಾವರ್ ತಿರುಪತಿಗೂ ಅಜ್ಮೀರಿಗೂ ಟಿಕೆಟ್ ಮಾಡಿಸುವವನು, ಈಚೆಗೆ ಹಡಗಿನ ಟಿಕೆಟ್ಟೂ ಇಟ್ಟಿದ್ದ.

"ನೀವು ಹತ್ತಿದ್ದೀರಾ ಭಾಯ್?" ಅಂತ ಅನುಷಾ ಕೇಳಿದಳು.

"ನಾನೆಲ್ಲಿ ಹತ್ಲಿ ಅಕ್ಕ. ಆದ್ರೆ ನಾನು ಹತ್ತಿಸಿದೋರು ಒಬ್ರೂ ಮುಳುಗಿಲ್ಲ," ಅಂತ ಕಂಪ್ಯೂಟರ್ ಇವರ ಕಡೆ ತಿರುಗಿಸಿದ. "ಎರಡು ಕಂಪ್ನಿ ಐತೆ. ಒಂದು ನೀಲತಾರಾ, ಮುಂಬೈಯಿಂದ ಹೊರಡ್ತದೆ. ಒಂದು ಸಮುದ್ರಿಕಾ, ಕೊಚ್ಚಿಯಿಂದ. ನೋಡ್ಕಳಿ."

ನೀಲತಾರಾ ಒಂದು ಹಡಗಲ್ಲ, ತೇಲುವ ಪೇಟೆ. ಜಾರುಬಂಡೆ, ಈಜುಕೊಳ, ಸಂಜೆ ಕುಣಿತ. ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳ ಕ್ಲಬ್ಬು: ಬೆಳಿಗ್ಗೆ ಮಗುವನ್ನು ಬಿಟ್ಟರೆ ಸಂಜೆವರೆಗೆ ಅವರೇ ಆಡಿಸುತ್ತಾರೆ, ಉಣಿಸುತ್ತಾರೆ, ಮಧ್ಯಾಹ್ನ ಮಲಗಿಸುತ್ತಾರೆ. ನಟರಾಜುವಿನ ಮುಖ ಅರಳಿತು. "ಇದೇ ಕಣೆ! ಮಗೂಗೂ ಆಟ, ನಮ್ಗೂ ಒಸಿ ಪುರುಸೊತ್ತು. ಮದ್ವೆ ಆದಾಗಿಂದ ನಾನು ಸೆಕೆಂಡ್ ಶಿಫ್ಟು, ನೀನು ಫಸ್ಟ್ ಶಿಫ್ಟು. ನಿನ್ ಮುಖ ಬೆಳಕಲ್ಲಿ ನೋಡಿದ್ದೇ ಕಮ್ಮಿ."

ಮುನಾವರ್ ನಗು ತಡೆದುಕೊಂಡು ಕೀಬೋರ್ಡ್ ಒರೆಸತೊಡಗಿದ.

ಸಮುದ್ರಿಕಾ ಚಿಕ್ಕದು. ಅದರಲ್ಲಿ ಕ್ಲಬ್ಬಿಲ್ಲ, ಆಟದ ಕೋಣೆಯೊಂದಿದೆ, ಅಲ್ಲಿ ಅಪ್ಪನೋ ಅಮ್ಮನೋ ಜೊತೆಗೆ ಕೂರಲೇಬೇಕು. ಮಕ್ಕಳಿಗೆ ಸಂಜೆ ಬೇಗ ಊಟ ಹಾಕುತ್ತಾರೆ. ಲಕ್ಷದ್ವೀಪದ ಹತ್ತಿರ ಒಂದು ದಿನ ನಿಲ್ಲುತ್ತದೆ.

"ನಂಗೆ ಇದು," ಅಂದಳು ಅನುಷಾ.

"ಇದ್ರಲ್ಲಿ ಏನೈತೆ? ಜಾರುಬಂಡೆನೂ ಇಲ್ಲ."

"ಇಲ್ಲಿ ಅತ್ತೆ ನೋಡ್ಕತಾರೆ, ಅಲ್ಲಿ ಕ್ಲಬ್ಬಿನೋರು ನೋಡ್ಕತಾರೆ. ಮತ್ತೆ ನಾನ್ ಯಾವಾಗ್ರಿ ನೋಡ್ಕಳ್ಳೋದು?"

ನಟರಾಜುವಿಗೆ ಅರ್ಧ ಅರ್ಥವಾಯಿತು, ಇನ್ನರ್ಧ ಜಾರುಬಂಡೆಯ ಮೇಲೆ ಜಾರಿಹೋಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಇಬ್ಬರೂ ಎಳೆದಾಡಿ, ಏನೂ ತೀರ್ಮಾನಿಸದೆ ಎರಡೂ ಕಂಪನಿಯ ಬಣ್ಣದ ಹಾಳೆಗಳನ್ನು ಹಿಡಿದುಕೊಂಡು ಬಂದರು.

ಆ ಹಾಳೆಗಳು ಮನೆಗೆ ಬಂದದ್ದೇ ಬಂದದ್ದು, ಆಟ ಬದಲಾಯಿತು. ಅನುಷಾ ಪಾತ್ರೆ ತೊಳೆಯುವಾಗ ಪುಟ್ಟಲಕ್ಷ್ಮಮ್ಮ ಸಮುದ್ರಿಕಾದ ಕೋಣೆಯ ಚಿತ್ರ ಮುಂದಿಟ್ಟುಕೊಂಡು, "ಇದೇನ್ಲಾ ನಟ, ನಾಕು ಮಂಚ ಐತೆ?" ಅಂತ ಕೇಳಿದಳು.

"ಹೂಂ. ಇದ್ರಲ್ಲಿ ನಾಕು ಜನದ ರೂಮು. ನೀಲತಾರಾದಲ್ಲಿ ಮೂರೇ ಜನ."

"ನೀವು ಮೂರು ಜನ. ನಾಕನೇ ಮಂಚ ಯಾರಿಗೆ?"

ನಟರಾಜು ಏನೂ ಯೋಚಿಸದೆ, "ಖಾಲಿ," ಅಂದ.

ಆ ಸಂಜೆಯಿಂದ ಪುಟ್ಟಲಕ್ಷ್ಮಮ್ಮನಿಗೆ ಸಮುದ್ರದ ಭಯ ಹೋಯಿತು. ದೊಡ್ಡ ಹಡಗು ಸರಿಯಿಲ್ಲ, ಚಿಕ್ಕದೇ ಒಳ್ಳೆಯದು, ಕ್ಲಬ್ಬಿನವರ ಕೈಗೆ ಹೆಣ್ಣುಮಗು ಕೊಡುವುದುಂಟೇ ಅಂತ ಸೊಸೆಗಿಂತ ಗಟ್ಟಿಯಾಗಿ ಸೊಸೆಯ ಹಡಗನ್ನೇ ಹೊಗಳತೊಡಗಿದಳು. ದಾರಿಯ ತಿಂಡಿಗೆಂದು ಹುರಿಟ್ಟಿಗೆ ರಾಗಿ ಹಸನು ಮಾಡಲು ಶುರುಮಾಡಿದ್ದು ನೋಡಿ, ನಾಲ್ಕನೆಯ ಮಂಚ ಯಾರಿಗೆ ಅನ್ನುವುದು ಅನುಷಾಗೆ ಅರ್ಥವಾಯಿತು. ಅತ್ತೆ ಕೋಣೆಯಲ್ಲಿದ್ದರೆ ಮಾನ್ಯ ತನ್ನ ಪಕ್ಕ ಬಂದ ಹಾಗೆಯೇ! ಹಾಗಂತ ದೊಡ್ಡ ಹಡಗು ಹಿಡಿದರೆ ಕ್ಲಬ್ಬಿನ ಪಾಲು. ಅತ್ತ ದರಿ, ಇತ್ತ ಪುಲಿ. ಹಗಲು ಕ್ಲಬ್ಬಿಗೆ ಹೋದರೂ ರಾತ್ರಿಯಾದರೂ ತನಗೆ ಉಳಿಯುತ್ತದೆ ಅಂತ ಮಾರನೆಯ ದಿನ ಅವಳು ಗಂಡನಿಗೆ, "ನೀಲತಾರಾನೇ ಇರ್ಲಿ ಬಿಡ್ರಿ," ಅಂದಳು.

"ಮೊನ್ನೆ ಬ್ಯಾಡ ಅಂದೆ?"

"ಇವತ್ತು ಬೇಕು ಅಂತೀನಿ."

"ಅವ್ವ ಮೊನ್ನೆ ಹಡಗೇ ಬ್ಯಾಡ ಅಂದ್ಲು, ಇವತ್ತು ಸಮುದ್ರಿಕಾ ಅಂತಾಳೆ. ನೀನು ಸಮುದ್ರಿಕಾ ಅಂದೆ, ಈಗ ನೀಲತಾರಾ ಅಂತೀಯ. ಹಡಗು ನೀರಿಗಿಳಿಯೋಕೆ ಮುಂಚೆ ನನ್ ತಲೆ ತಿರುಗ್ತಾ ಐತೆ."

ಇಂಥ ಹೊತ್ತಿನಲ್ಲಿ ಆ ಮನೆಯವರು ಮಾಡುವುದು ಒಂದೇ. ಜಮೀನು ಕೊಳ್ಳಲಿ, ಹೆಣ್ಣು ನೋಡಲಿ, ಬೋರ್‌ವೆಲ್ ಕೊರೆಸಲಿ, ಬೀರೇದೇವರ ಗುಡಿಯಲ್ಲಿ ಹೂ ಕೇಳುತ್ತಾರೆ. ಒದ್ದೆ ಹೂವನ್ನು ದೇವರ ಮೈಗೆ ಅಂಟಿಸಿ, ಮನಸ್ಸಿನಲ್ಲಿ ಕೇಳಿಕೊಂಡು ಕೂರುವುದು. ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಆಗುವುದಿಲ್ಲ. ಹಡಗಿಗೆ ಹೂ ಕೇಳಿದವರು ಆ ಸೀಮೆಯಲ್ಲಿ ಇವರೇ ಮೊದಲಿರಬೇಕು.

ಸೋಮವಾರ ಗಂಡ ಹೆಂಡತಿ ಇಬ್ಬರೂ ರಜೆ ಹಾಕಿದರು, ಎಲ್ಲರೂ ಗುಡಿಗೆ ಹೋದರು. ಪೂಜಾರಿ ಬೇರೆ ಯಾರೂ ಅಲ್ಲ, ಪುಟ್ಟಲಿಂಗಯ್ಯನ ತಮ್ಮ ಚಿಕ್ಕರಾಜು.

"ಏನ್ ಕೇಳ್ಬೇಕ್ಲಾ?" ಅಂದ ಚಿಕ್ಕರಾಜು.

"ನೀನ್ ಹೂ ಇಡು ಚಿಕ್ಕಪ್ಪ, ಕೇಳ್ಕೊಳ್ಳೋದು ನಾವ್ ಕೇಳ್ಕತೀವಿ," ಅಂದ ನಟರಾಜು.

ಚಿಕ್ಕರಾಜು ಕಣಗಿಲೆ ಹೂವನ್ನು ನೀರಲ್ಲದ್ದಿ ಇಟ್ಟ. ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದರು. ಪುಟ್ಟಲಿಂಗಯ್ಯ ಆಕಳಿಸಿದ. ಮಾನ್ಯ ಒಂದು ಕಣ್ಣು ಬಿಟ್ಟುಕೊಂಡೇ ಇದ್ದಳು, ಆದ್ದರಿಂದ ಮೊದಲು ನೋಡಿದವಳು ಅವಳೇ. "ಬಿತ್ತು!" ಅಂತ ಕಿರುಚಿದಳು. ಹೂವು ಬಲಕ್ಕೆ ಬಿದ್ದಿತ್ತು, ಅನುಮಾನಕ್ಕೆ ಎಡೆಯಿಲ್ಲದಂತೆ.

ನಟರಾಜು ನಕ್ಕ. ಪುಟ್ಟಲಕ್ಷ್ಮಮ್ಮ ನಕ್ಕಳು. ಅನುಷಾ ಕಣ್ಣೊರೆಸಿಕೊಂಡು ನಕ್ಕಳು. ಮೂವರೂ ಒಟ್ಟಿಗೆ ನಕ್ಕಿದ್ದನ್ನು ಕಂಡು ಚಿಕ್ಕರಾಜುವಿಗೆ ಆಗಲೇ ಗುಮಾನಿ ಬಂತು. ಮೂವರಿಗೂ ಒಪ್ಪಿಗೆಯಾಗುವ ಉತ್ತರ ಆ ಮನೆಯಲ್ಲಿ ಎಂದಾದರೂ ಇತ್ತೇ? ಅವರ ಹಿಂದೆಯೇ ಊಟಕ್ಕೆ ಬಂದ.

ಉಪ್ಸಾರು ಬಡಿಸುತ್ತಿದ್ದಂತೆ ನಟರಾಜು, "ಸರಿ, ನಾಳೆನೇ ಮುನಾವರ್‌ಗೆ ಹೇಳ್ತೀನಿ. ನೀಲತಾರಾ," ಅಂದ.

"ಅದೆಂಗ್ಲಾ?" ಪುಟ್ಟಲಕ್ಷ್ಮಮ್ಮ ಸೌಟು ಎತ್ತಿದಳು. "ಅದ್ರಲ್ಲಿ ನಂಗೆ ಮಂಚ ಎಲ್ಲೈತೆ? ನಾನೂ ಜೊತೇಲಿ ಹೋಗ್ಲಾ ಅಂತ ಕೇಳ್ದೆ. ದೇವ್ರು ಹೋಗು ಅಂದವ್ನೆ."

"ನಾನ್ ಕೇಳಿದ್ದು ನೀಲತಾರಾ ಆಗ್ಬೋದಾ ಅಂತ ಕಣವ್ವ!"

ಚಿಕ್ಕರಾಜು ಮುದ್ದೆ ಕೆಳಗಿಟ್ಟ. "ಒಂದ್ ಹೂವಿಗೆ ಎರಡ್ ಪ್ರಶ್ನೆ ಕೇಳಿದ್ರಾ? ಏನವ್ವ ಅನುಷಾ, ನೀನೇನ್ ಕೇಳ್ದೆ? ನೀನೂ ಏನೋ ಕೇಳಿರ್ತೀಯ."

ಅನುಷಾ ತಲೆ ತಗ್ಗಿಸಿದಳು. ಆಮೇಲೆ ಎತ್ತಿದಳು. "ಮಾನ್ಯ ನನ್ ಪಕ್ಕ ಮಲಗ್ತಾಳಾ ಅಂತ ಕೇಳ್ದೆ."

ಪುಟ್ಟಲಕ್ಷ್ಮಮ್ಮ ಎತ್ತಿದ ಸೌಟನ್ನು ಸಾರಿನ ಪಾತ್ರೆಗೆ ಇಳಿಸಿದಳು.

ಚಿಕ್ಕರಾಜುವಿಗೆ ತಾಳ್ಮೆ ತಪ್ಪಿತು. "ಇಷ್ಟ್ ವರ್ಷ ಪೂಜೆ ಮಾಡೀನಿ, ಇಂಥ ಮನೆ ನೋಡ್ಲಿಲ್ಲ. ಬೀರಪ್ಪ ಏನು ಹೋಟ್ಲು ಸಪ್ಲೈಯರ್ರಾ, ಒಬ್ಬ ದೋಸೆ ಒಬ್ಬ ಇಡ್ಲಿ ಅನ್ನೋಕೆ? ಹೋಗ್ಲಿ, ಮತ್ತೆ ಕೇಳಂಗೂ ಇಲ್ಲ. ಕೊಟ್ಟ ಮಾತ್ನ ತಿರುಗಿ ಕೇಳಿದ್ರೆ ಮುನಿಸ್ಕತಾನೆ." ಅಷ್ಟು ಹೇಳಿ, ಮುದ್ದೆ ಮತ್ತೆ ಎತ್ತಿಕೊಂಡ. ಸಿಟ್ಟಿಗೂ ಹಸಿವಿಗೂ ಅವನಲ್ಲಿ ಸಂಬಂಧವಿರಲಿಲ್ಲ.

ಪುಟ್ಟಲಕ್ಷ್ಮಮ್ಮ ಸೊಸೆಯ ಕಡೆ ತಿರುಗಿದಳು. "ಅಂದ್ರೆ ನಿನ್ ಮಗೂನ ನಾನ್ ಕಿತ್ಕಂಡೀನಾ?"

"ನಾನ್ ಹಂಗಂದ್ನಾ ಅತ್ತೆ?"

"ನನ್ ಮಡ್ಲಿಗೆ ಹಾಕ್ಬುಟ್ಟು ಬಸ್ ಹತ್ತಿದೋಳು ನೀನು."

"ಹತ್ತಿದ್ದು ಯಾರಿಗೋಸ್ಕರ ಅತ್ತೆ? ಬಸ್ಸಲ್ಲಿ ಕೂತು ಎಷ್ಟ್ ದಿನ ಅತ್ತೀನಿ ಅಂತ ಕೇಳಿದ್ದೀರಾ?"

"ನೀನ್ ಹೇಳಿದ್ದೀಯಾ?"

ಎರಡೂ ಪ್ರಶ್ನೆಗೆ ಉತ್ತರ ‘ಇಲ್ಲ’ ಅಂತಲೇ ಇತ್ತು. ಅದಕ್ಕೇ ಇಬ್ಬರಿಗೂ ಇನ್ನಷ್ಟು ಸಿಟ್ಟು ಬಂತು.

"ನಾಳೆಯಿಂದ ನಿನ್ ಮಗೂಗೆ ನೀನೇ ಉಣ್ಸು," ಅಂತ ಪುಟ್ಟಲಕ್ಷ್ಮಮ್ಮ ಒಳಗೆ ಹೋದಳು.

ಅತ್ತೆಗೂ ಸೊಸೆಗೂ ಮಾತು ನಿಂತಿತು. ಅನುಷಾ ಸಂಜೆ ಬಸ್ಸಿಳಿದು, ಬ್ಯಾಗು ಗೂಟಕ್ಕೆ ಹಾಕಿ, ಮಗಳನ್ನು ಮುಂದೆ ಕೂರಿಸಿಕೊಂಡು ಮುದ್ದೆ ಮುರಿಯುವಳು. ಮಾನ್ಯ ಬಾಯಿ ಬಿಗಿಹಿಡಿದು ಕೂರುವಳು. ಅಜ್ಜಿ ಮಾಡುವ ಉಂಡೆ ನುಣ್ಣಗೆ ಬೋರೆಹಣ್ಣಿನಷ್ಟು. ಅಮ್ಮ ಮಾಡುವುದು ಬೆರಳಿಗೆ ಮೆತ್ತಿಕೊಂಡು ಯಾವ ಹಣ್ಣಿನ ಹಾಗೂ ಇರುತ್ತಿರಲಿಲ್ಲ.

"ಇದು ಚೆನ್ನಾಗಿಲ್ಲ," ಅನ್ನುವಳು ಮಾನ್ಯ.

ಪುಟ್ಟಲಕ್ಷ್ಮಮ್ಮ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಾ ಎರಡು ದಿನ ಇದನ್ನು ನೋಡಿದಳು. ಮೂರನೆಯ ದಿನ ತಡೆಯಲಾಗಲಿಲ್ಲ. ಸೊಸೆಯ ಜೊತೆ ಮಾತಿಲ್ಲವಲ್ಲ, ಅದಕ್ಕೇ ಬೆಕ್ಕಿಗೆ ಹೇಳಿದಳು: "ಕೈಗೆ ಒಸಿ ತುಪ್ಪ ಸವರ್ಕಂಡ್ರೆ ಅಂಟಲ್ಲ. ಯಾರಿಗೆ ಹೇಳೋದು!"

ಅನುಷಾ ಕೈಗೆ ತುಪ್ಪ ಸವರಿಕೊಂಡಳು.

"ಉಂಡೇನ ಸಾರಲ್ಲಿ ಮುಳುಗ್ಸಬಾರ್ದು, ಮುಟ್ಟಿಸ್ಬೇಕು," ಅಂತ ಬೆಕ್ಕಿಗೆ ಮತ್ತೆ ಪಾಠವಾಯಿತು. ಬೆಕ್ಕು ಎದ್ದು ಹೋಯಿತು. ಪಾಠ ನಿಲ್ಲಲಿಲ್ಲ.

ಮಾನ್ಯ ಮೂರು ಉಂಡೆ ನುಂಗಿದಳು. ಅನುಷಾ ಬೆಕ್ಕು ಕೂತಿದ್ದ ಜಾಗವನ್ನೇ ನೋಡುತ್ತಾ, "ಯಾರೋ ಪುಣ್ಯಾತ್ಮರು ಹೇಳ್ಕೊಟ್ರು," ಅಂದಳು. ಪುಟ್ಟಲಕ್ಷ್ಮಮ್ಮ ಅವರೆಕಾಯಿಯ ಮೊರದೊಳಗೆ ಮುಖವಿಟ್ಟು ನಕ್ಕಿದ್ದನ್ನು ಪುಟ್ಟಲಿಂಗಯ್ಯ ಕಂಡ. ಕಂಡವನು ಸುಮ್ಮನಿರಬಹುದಿತ್ತು. ಎಲ್ಲ ಸರಿಹೋಗುತ್ತಿರುವಾಗ ತನ್ನದೂ ಒಂದು ಕೈ ಇರಲಿ ಅನ್ನಿಸಿತು ಅವನಿಗೆ.

"ಇದೇನ್ ದೊಡ್ ವಿಷ್ಯ ಅಲ್ಲ," ಅಂತ ಜಗಲಿಯಿಂದಲೇ ಶುರುಮಾಡಿದ. "ಮೊದಲ್ನೇ ಸೂಲಿನ್ ಕುರಿ ಮರಿ ಸೇರಿಸ್ಕೊಳ್ದೆ ಇದ್ರೆ ನಾವೇನ್ ಮಾಡ್ತೀವಿ? ತಾಯಿ ಮರಿ ಎರಡ್ನೂ ಒಂದ್ ಗೂಡಲ್ಲಿ ಕೂಡಾಕ್ತೀವಿ. ಅಡ್ಡ ಬರೋ ಮುದಿ ಕುರಿನ ಆಚೆ ಅಟ್ತೀವಿ. ಅಷ್ಟೇ."

ಅನುಷಾ ತುತ್ತು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ತಿರುಗಿದಳು. "ಏನಂದ್ರಿ ಮಾವ? ನಾನ್ ಮರಿ ಸೇರಿಸ್ಕೊಳ್ದೆ ಇರೋ ಕುರಿನಾ?"

"ಅಲ್ಲವ್ವ, ಮಾತಿಗೆ..."

"ನಾನ್ ಮುದಿ ಕುರಿನಾ?" ಅಂತ ಪುಟ್ಟಲಕ್ಷ್ಮಮ್ಮ ಮೊರ ಬದಿಗಿಟ್ಟು ಎದ್ದಳು. "ಈ ಮನೆಗೆ ಬಂದಾಗಿಂದ ನಿನ್ ಕುರಿ ಜೊತೆ ಬಾಳಿದ್ದು ಸಾಲ್ದು ಅಂತ ನಂಗೂ ಬಾಲ ಅಂಟಿಸ್ತಿದ್ದೀಯಾ? ಪಾಪ, ಹೊತ್ತುಟ್ಟೋ ಮುಂಚೆ ಎದ್ದೋಗಿ ದುಡ್ಕಂಡು ಬರ್ತಾಳೆ, ಬಂದು ಒಲೆ ಮುಂದೆ ನಿಲ್ತಾಳೆ, ಅವಳ್ನ ಕುರಿ ಅಂತೀಯಲ್ಲ, ನಿನ್ ನಾಲ್ಗೆಗೆ ನರ ಐತಾ?"

"ಅತ್ತೆ ಬಗ್ಗೆ ಹಂಗ್ ಮಾತಾಡ್ಬೇಡಿ ಮಾವ," ಅಂದಳು ಅನುಷಾ. "ಅವ್ರಿಲ್ದಿದ್ರೆ ನನ್ ಮಗು ಈಗಿರಂಗೆ ಇರ್ತಿತ್ತಾ?"

"ಕೇಳ್ಸ್ಕಂಡ್ಯಾ? ಕೇಳ್ಸ್ಕಂಡ್ಯಾ?" ಅಂದಳು ಪುಟ್ಟಲಕ್ಷ್ಮಮ್ಮ ಗಂಡನಿಗೆ.

ಪುಟ್ಟಲಿಂಗಯ್ಯ ಕಂಬಳಿ ಹೆಗಲಿಗೇರಿಸಿ, ಕುರಿಗಳೇ ವಾಸಿ ಅಂತ ಕೊಟ್ಟಿಗೆಗೆ ಹೊರಟುಹೋದ. ಒಳಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆ ನೀರು ಬೇಗ ನಿಲ್ಲಲಿಲ್ಲ. ಮಾನ್ಯ ಇಬ್ಬರನ್ನೂ ನೋಡಿ, ಉಳಿದ ಉಂಡೆಯನ್ನು ತಾನೇ ಎತ್ತಿ ಬಾಯಿಗಿಟ್ಟುಕೊಂಡಳು. ಅದನ್ನು ನೋಡಿದವರು ಯಾರೂ ಇಲ್ಲ.

ನಟರಾಜು ಶಿಫ್ಟು ಮುಗಿಸಿ ಬಂದ ಮಾರನೆಯ ಬೆಳಿಗ್ಗೆ ಪುಟ್ಟಲಕ್ಷ್ಮಮ್ಮ ಅವನ ಮುಂದೆ ರೊಟ್ಟಿ ಇಟ್ಟು ಕೂತಳು.

"ನಟ, ಆ ಹೂವು ಅನುಷಾದು ಕಣ್ಲಾ."

"ಅದೆಂಗ್ ಗೊತ್ತು?"

"ಯಾವ್ ಹಡಗು ಅಂತ ನೀನ್ ಕೇಳ್ದೆ. ಅದ್ಕೆ ಮುನಾವರ್ ಅವ್ನೆ, ದೇವ್ರು ಯಾಕೆ? ನಾನ್ ಕೇಳಿದ್ದು ನನ್ ಆಸೆ. ಮಗು ಬೇಕು ಅಂತ ಒಬ್ಬ ತಾಯಿ ಕೇಳ್ತಾ ನಿಂತಿದ್ರೆ ಬೀರಪ್ಪ ಅವಳ್ನ ಬುಟ್ಟು ನಂಗೂ ನಿಂಗೂ ಹೂ ಕೊಡ್ತಾನಾ? ಅವನಿಗೂ ಒಬ್ಬ ತಾಯಿ ಅವ್ಳೆ." ರೊಟ್ಟಿಗೆ ಬೆಣ್ಣೆ ಹಾಕಿದಳು. "ಆ ಕ್ಲಬ್ಬು ಗಿಬ್ಬು ಬ್ಯಾಡ. ಚಿಕ್ಕ ಹಡಗಿಗೆ ಹೋಗಿ. ನಾಕನೇ ಮಂಚದ ಮೇಲೆ ಬ್ಯಾಗ್ ಇಟ್ಕಳಿ."

ಅನುಷಾ ಅಂದು ರಜೆ ಹಾಕಿದ್ದಳು. ಒಲೆಯ ಬಳಿಯಿಂದ ಎದ್ದು ಬಂದಳು. "ನೀವೂ ಬನ್ನಿ ಅತ್ತೆ." ಬಾಯಿಮಾತಿಗೆ ಹೇಳಲಿಲ್ಲ, ಬಂದರೆ ಬರಲಿ ಅಂತಲೇ ಹೇಳಿದಳು.

"ಕುರಿ ಈಯೋ ಕಾಲ ಇದು. ನಿಮ್ ಮಾವನ್ನ ನಂಬಿ ಬುಟ್ಬರಾಕಾಯ್ತದಾ? ಅವನಿಗೆ ಮನುಷ್ಯರಿಗೂ ಕುರಿಗೂ ಯತ್ವಾಸ ಗೊತ್ತಿಲ್ಲ," ಅಂದಳು ಪುಟ್ಟಲಕ್ಷ್ಮಮ್ಮ. ನಗಿಸಿದಳು, ಆದರೆ ಎದ್ದು ಹಿತ್ತಲಿಗೆ ಹೋದವಳು ಸ್ವಲ್ಪ ಹೊತ್ತು ಬರಲಿಲ್ಲ.

ಜಾರುಬಂಡೆ ಹೋಯಿತಲ್ಲ ಅಂತ ನಟರಾಜು ಒಂದು ದಿನ ಮುಖ ಸಣ್ಣ ಮಾಡಿಕೊಂಡಿದ್ದ. ಸಮುದ್ರಿಕಾದಲ್ಲಿ ಮೀನಿನ ಊಟ ಚೆನ್ನಾಗಿರುತ್ತದೆ ಅಂತ ಮುನಾವರ್ ಹೇಳಿದ ಮೇಲೆ ಸರಿಹೋದ. ಹೊರಡುವ ದಿನ ಹುರಿಟ್ಟು, ಚಕ್ಕುಲಿ, ತುಪ್ಪದ ಡಬ್ಬಿ, ಎಲ್ಲಾ ಸೇರಿ ನಾಲ್ಕನೆಯ ಮಂಚಕ್ಕೆ ಆಗುವಷ್ಟು ಸಾಮಾನೇ ಆಯಿತು. ಮಾನ್ಯ ಬಸ್ಸಿನ ಕಿಟಕಿಯಿಂದ ಕೈ ಬೀಸಿದಳು. ಪುಟ್ಟಲಕ್ಷ್ಮಮ್ಮ ಬಸ್ಸು ಹೋದ ಮೇಲೂ ಬೀಸಿದಳು.

ಹಡಗಿನಲ್ಲಿ ಮೊದಲ ಸಂಜೆ ಅನುಷಾ ಯುದ್ಧಕ್ಕೆ ಸಿದ್ಧಳಾಗಿ ಕೂತಿದ್ದಳು. ಮಗು ಅಳುತ್ತದೆ, ಅಜ್ಜಿ ಬೇಕೆನ್ನುತ್ತದೆ, ಏನು ಹೇಳಬೇಕು, ಯಾವ ಕಥೆ ಹೇಳಬೇಕು ಅಂತೆಲ್ಲಾ ಯೋಚಿಸಿಟ್ಟಿದ್ದಳು. ಮಾನ್ಯ ಮಕ್ಕಳ ಊಟ ಮುಗಿಸಿ ಬಂದು, ಮಂಚ ಹತ್ತಿ, ಅಮ್ಮನ ಹೊಟ್ಟೆಯ ಮೇಲೆ ಕಾಲು ಹಾಕಿ, ಕಥೆ ಶುರುವಾಗುವ ಮೊದಲೇ ನಿದ್ದೆ ಹೋದಳು. ಅಜ್ಜಿಯ ಹೆಸರೂ ಎತ್ತಲಿಲ್ಲ. ಅನುಷಾಗೆ ಎಷ್ಟು ಸಂತೋಷವಾಯಿತೆಂದರೆ ಅಲುಗಾಡಲೂ ಹೆದರಿದಳು. ಆಮೇಲೆ, ಎಲ್ಲಿಂದಲೋ, ಮನೆಯಲ್ಲಿ ಒಬ್ಬಳೇ ಚಾಪೆ ಹಾಸುತ್ತಿರುವ ಅತ್ತೆಯ ನೆನಪಾಯಿತು.

ಮಾರನೆಯ ಮಧ್ಯಾಹ್ನ ದ್ವೀಪ ಹತ್ತಿರವಾದಾಗ ಫೋನಿಗೆ ಸಿಗ್ನಲ್ ಬಂತು. ಮೊದಲ ರಿಂಗಿಗೇ ಪುಟ್ಟಲಕ್ಷ್ಮಮ್ಮ ಎತ್ತಿದಳು. ಊಟ ಆಯಿತಾ, ಹಡಗು ಅಲ್ಲಾಡುತ್ತದಾ ಅಂತ ಒಂದೂ ಕೇಳಲಿಲ್ಲ.

"ಅತ್ತಳಾ?" ಅಂದಳು.

ಅನುಷಾ ಮಗಳಿಗೆ ಬೆನ್ನು ತಿರುಗಿಸಿದಳು. "ಅತ್ತಳು ಅತ್ತೆ. ಅಜ್ಜಿ ಬೇಕು ಅಂತ ಒಂದೇ ರಚ್ಚೆ. ಸಮಾಧಾನ ಮಾಡೋಕೆ ಸಾಕಾಯ್ತು."

"ಅಯ್ಯೋ ನನ್ ಕಂದ!" ಅತ್ತೆಯ ದನಿ ಹೂವಾಯಿತು. "ಏ, ಕೇಳ್ದಾ? ನಾ ಬೇಕು ಅಂತ ಅತ್ತಳಂತೆ! ಸಾಕಾಯ್ತಂತೆ!" ಅಂತ ಅಲ್ಲಿ ಗಂಡನಿಗೆ ಕೂಗಿ ಹೇಳಿದ್ದು ಇಲ್ಲಿಗೆ ಕೇಳಿಸಿತು.

ಅಷ್ಟರಲ್ಲಿ ಮಾನ್ಯ ಫೋನು ಕಿತ್ತುಕೊಂಡಳು. "ಅಜ್ಜೀ, ನಾನ್ ಅಳ್ಳೇ ಇಲ್ಲ! ಅಮ್ಮ ಸುಳ್ಳು ಹೇಳ್ತಾವ್ಳೆ. ನಾನ್ ಜಾಣೆ."

ಅನುಷಾ ಫೋನಿಗೆ ಕೈ ಚಾಚಿದಳು. ಸಿಗ್ನಲ್ ಹೋಗಿರಲಿ ದೇವರೇ ಅಂದುಕೊಂಡಳು.

"ಜಾಣೆ ಕಣವ್ವ ನೀನು," ಅಂದಳು ಪುಟ್ಟಲಕ್ಷ್ಮಮ್ಮ. "ನಿಮ್ಮಮ್ಮಂಗೆ ಕೊಡು."

"ಅತ್ತೆ, ಅದು..."

"ನೀನ್ ನಿದ್ದೆ ಮಾಡ್ದೇನವ್ವ?"

ಆ ಪ್ರಶ್ನೆಯನ್ನು ಅನುಷಾ ನಿರೀಕ್ಷಿಸಿರಲಿಲ್ಲ. "ಎಲ್ಲಿ ಅತ್ತೆ. ಒದ್ದು ಒದ್ದು ಮಂಚದ ಅಂಚಿಗೆ ತಳ್ಬುಟ್ಲು."

ಪುಟ್ಟಲಕ್ಷ್ಮಮ್ಮ ಜೋರಾಗಿ ನಕ್ಕಳು. "ಹಂಗೇ ಕಣ ಅವಳು! ನಾಕು ವರ್ಷ ಆಯ್ತು ನಾನು ನೆಟ್ಟಗೆ ಕಾಲ್ ಚಾಚಿ. ಬಂದ್ಮೇಲೂ ನೀನೇ ಒದಿಸ್ಕೋ ತಾಯಿ, ನನ್ ಕೈಲಾಗಲ್ಲ. ನಾನೂ ಒಸಿ ನಿದ್ದೆ ಮಾಡ್ತೀನಿ."

"ಹೂಂ ಅತ್ತೆ," ಅಂದಳು ಅನುಷಾ. ಮಾನ್ಯಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.